ಶಾಲೆಗೆ ಬೀಗ ಬೀಳುವುದು ಹೇಗೆ? ಮಲಾಲಾ ಕಥೆಯನ್ನು ಮೊದಲಿನಿಂದ ಓದಿದಾಗ

ಅಫ್ಗಾನಿಸ್ತಾನದಲ್ಲಿ ಆರನೇ ತರಗತಿ ಮುಗಿಸಿದ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ. 2021ರಲ್ಲಿ ತಾಲಿಬಾನ್ ಮತ್ತೆ ಅಧಿಕಾರಕ್ಕೆ ಬಂದಾಗಿನಿಂದ ಇದೇ ಸ್ಥಿತಿ. ಅಲ್ಲಿಂದ ಹೊಸದೊಂದು ಆದೇಶದ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಮಲಾಲಾ ಯೂಸುಫ್‌ಝೈ ಅವರ ಹೇಳಿಕೆಯೂ ಬರುತ್ತದೆ. ಹೆಸರು ಕೇಳದವರು ಕಡಿಮೆ. ತಾಲಿಬಾನಿಗಳು ಗುಂಡು ಹೊಡೆದ ಹುಡುಗಿ, ಬದುಕಿದಳು, ನೊಬೆಲ್ ಪಡೆದಳು ಎಂಬಷ್ಟು ನಮಗೆಲ್ಲ ಗೊತ್ತು. ಇನ್ನೆರಡು ಪ್ರಶ್ನೆ ಕೇಳಿದರೆ ತಡವರಿಸುತ್ತೇವೆ. ಆಕೆ ಅಫ್ಗಾನಿಸ್ತಾನದವಳೋ ಪಾಕಿಸ್ತಾನದವಳೋ? ಹದಿನೈದು ವರ್ಷದ ಹುಡುಗಿಯನ್ನು ಕೊಲ್ಲಲೇಬೇಕು ಎಂದು ಬಂದೂಕು ಹಿಡಿದವರಿಗೆ ಅನ್ನಿಸುವಷ್ಟು ಆಕೆ ಮಾಡಿದ್ದಾದರೂ ಏನು?

ಈ ಕಥೆಯನ್ನು ಗುಂಡೇಟಿನಿಂದ ಶುರು ಮಾಡುವುದು ರೂಢಿ. ಹಾಗೆ ಮಾಡಿದರೆ, ಹೆಣ್ಣುಮಕ್ಕಳ ಶಾಲೆಗಳು ಧಾರಾಳವಾಗಿದ್ದ ಒಂದು ಕಣಿವೆಯಲ್ಲಿ ಎರಡೇ ವರ್ಷಗಳಲ್ಲಿ ಅವೆಲ್ಲ ಮುಚ್ಚುವ ಸ್ಥಿತಿ ಬಂದದ್ದು ಹೇಗೆ ಎಂಬುದು ತಿಳಿಯುವುದೇ ಇಲ್ಲ. ಆದ್ದರಿಂದ ಊರಿನಿಂದಲೇ ಆರಂಭಿಸೋಣ.

ಸ್ವಾತ್ ಎಂಬ ಕಣಿವೆ

ಮಲಾಲಾ ಪಾಕಿಸ್ತಾನದವರು. ಹುಟ್ಟಿದ್ದು 1997ರ ಜುಲೈ 12ರಂದು, ದೇಶದ ವಾಯವ್ಯ ಭಾಗದ ಸ್ವಾತ್ ಕಣಿವೆಯ ಮಿಂಗೋರಾ ಪಟ್ಟಣದಲ್ಲಿ. ಆಗ ಆ ಪ್ರಾಂತ್ಯಕ್ಕೆ ವಾಯವ್ಯ ಗಡಿ ಪ್ರಾಂತ್ಯ ಎಂಬ ಬ್ರಿಟಿಷರ ಕಾಲದ ಹೆಸರೇ ಇತ್ತು. 2010ರಲ್ಲಿ ಖೈಬರ್ ಪಖ್ತೂನ್‌ಖ್ವಾ ಎಂದಾಯಿತು. ಅಲ್ಲಿನ ಹೆಚ್ಚಿನ ಜನ ಪಶ್ತೂನರು, ಆಡುವ ಭಾಷೆ ಪಶ್ತೋ. ಗಡಿಯಾಚೆಯ ಅಫ್ಗಾನಿಸ್ತಾನದಲ್ಲೂ ಇದೇ ಜನ, ಇದೇ ಭಾಷೆ ಇರುವುದರಿಂದಲೇ ಮಲಾಲಾ ಎಲ್ಲಿಯವರು ಎಂಬ ಗೊಂದಲ ಹುಟ್ಟುವುದು.

ಸ್ವಾತ್ ಎಂದರೆ ಹಿಮದ ಬೆಟ್ಟ, ಹಣ್ಣಿನ ತೋಟ, ನಡುವೆ ಒಂದು ನದಿ. ಪ್ರವಾಸಿಗರು ಬೇಸಿಗೆ ಕಳೆಯಲು ಹೋಗುತ್ತಿದ್ದ ಜಾಗ. ಹಿಂದೆ ಅದು ಉದ್ಯಾನ ಎಂಬ ಹೆಸರಿನ ಬೌದ್ಧ ನಾಡಾಗಿತ್ತು. ಇಪ್ಪತ್ತನೇ ಶತಮಾನದಲ್ಲಿ, ನಮ್ಮ ಮೈಸೂರಿನಂತೆ ಅದೂ ಒಂದು ಸಂಸ್ಥಾನ. ಆಳುತ್ತಿದ್ದವರನ್ನು ವಾಲಿ ಎಂದು ಕರೆಯುತ್ತಿದ್ದರು. ಕೊನೆಯ ವಾಲಿ ಮಿಯಾಂಗುಲ್ ಜಹಾನ್‌ಝೇಬ್ ಅವರಿಗೆ ಶಾಲೆ ಕಟ್ಟಿಸುವ ಹುಚ್ಚು ಎನ್ನಬಹುದು, ಹೆಣ್ಣುಮಕ್ಕಳಿಗೂ ಕಟ್ಟಿಸಿದರು. 1969ರಲ್ಲಿ ಸ್ವಾತ್ ಪಾಕಿಸ್ತಾನದ ಆಡಳಿತದಲ್ಲಿ ಸಂಪೂರ್ಣವಾಗಿ ವಿಲೀನವಾಯಿತು.

ವಿಲೀನದ ಮಾತು ಇಲ್ಲಿ ಬಂದದ್ದಕ್ಕೆ ಕಾರಣವಿದೆ. ವಾಲಿಯ ಕಾಲದಲ್ಲಿ ಜಮೀನಿನ ಜಗಳವೊಂದು ಬೇಗ ಇತ್ಯರ್ಥವಾಗುತ್ತಿತ್ತು. ಪಾಕಿಸ್ತಾನದ ನ್ಯಾಯಾಲಯಗಳಿಗೆ ಹೋದ ಮೇಲೆ ಅದೇ ವ್ಯಾಜ್ಯ ವರ್ಷಗಟ್ಟಲೆ ಎಳೆಯತೊಡಗಿತು. ಕೋರ್ಟು ಅಲೆದು ಚಪ್ಪಲಿ ಸವೆಸಿದವನಿಗೆ, 'ಧರ್ಮದ ಕಾನೂನು ಬಂದರೆ ನಾಳೆಯೇ ತೀರ್ಪು' ಎನ್ನುವ ಮಾತು ಹಿತವಾಗಿ ಕೇಳಿಸುವುದು ಸಹಜ. ಬಂದೂಕು ಬರುವ ಮೊದಲು ಕಣಿವೆಗೆ ಬಂದದ್ದು ಈ ಮಾತು.

ಒಂದು ಮನೆ, ಒಂದು ಶಾಲೆ

ತಂದೆ ಜಿಯಾವುದ್ದೀನ್ ಶಿಕ್ಷಕರು. ಸ್ವಾತ್‌ಗೆ ಅಂಟಿಕೊಂಡಿರುವ ಶಾಂಗ್ಲಾ ಎಂಬ ಗುಡ್ಡಗಾಡು ಜಿಲ್ಲೆಯವರು. ಅವರ ಐವರು ಅಕ್ಕತಂಗಿಯರಲ್ಲಿ ಒಬ್ಬರೂ ಶಾಲೆಗೆ ಹೋದವರಲ್ಲ. ಬಾಲ್ಯದಲ್ಲಿ ಉಗ್ಗುತ್ತಿದ್ದ ಹುಡುಗ ಹಟ ಹಿಡಿದು ಭಾಷಣ ಕಲಿತು, ಮಿಂಗೋರಾಕ್ಕೆ ಬಂದು ಗೆಳೆಯನೊಂದಿಗೆ ಸಾಲ ಮಾಡಿ ಖಾಸಗಿ ಶಾಲೆ ತೆರೆದರು. ಪಶ್ತೋ ಕವಿ ಖುಶಾಲ್ ಖಾನ್ ಖಟ್ಟಕ್ ಹೆಸರಿನಲ್ಲಿ ಅದು ಖುಶಾಲ್ ಶಾಲೆ. ಮೊದಲ ದಿನ ಬಂದ ಮಕ್ಕಳು ಮೂವರು. ಮಲಾಲಾ ಬೆಳೆದದ್ದು ಈ ಶಾಲೆಯ ತರಗತಿಗಳಲ್ಲಿ ಆಟವಾಡುತ್ತ.

ಪಶ್ತೂನರಲ್ಲಿ ಗಂಡುಮಗು ಹುಟ್ಟಿದರೆ ತೊಟ್ಟಿಲಿಗೆ ಒಣಹಣ್ಣು, ಮಿಠಾಯಿ, ನಾಣ್ಯ ಹಾಕಿ ಸಂಭ್ರಮಿಸುವ ಪದ್ಧತಿ ಇದೆ. ಜಿಯಾವುದ್ದೀನ್ ಮಗಳ ತೊಟ್ಟಿಲಿಗೂ ಹಾಕಿರೆಂದು ಗೆಳೆಯರನ್ನು ಕೇಳಿಕೊಂಡರು. ಗಂಡಸರ ಹೆಸರುಗಳೇ ತುಂಬಿದ್ದ ವಂಶವೃಕ್ಷದ ಪಟದಲ್ಲಿ ತಮ್ಮ ಹೆಸರಿನಿಂದ ಒಂದು ಗೆರೆ ಎಳೆದು 'ಮಲಾಲಾ' ಎಂದು ಬರೆದರು. ಹೆಸರು ಕೂಡ ಸುಮ್ಮನೆ ಇಟ್ಟದ್ದಲ್ಲ. 1880ರಲ್ಲಿ ಬ್ರಿಟಿಷರ ವಿರುದ್ಧ ನಡೆದ ಮೈವಂದ್ ಕದನದಲ್ಲಿ ಸೋಲುತ್ತಿದ್ದ ಅಫ್ಗನ್ ಪಡೆಯನ್ನು ಹುರಿದುಂಬಿಸಿ ಪ್ರಾಣ ಕೊಟ್ಟಳೆಂದು ಪಶ್ತೂನರು ಕಥೆ ಕಟ್ಟಿ ಹಾಡುವ ಮಲಾಲೈ ಎಂಬ ತರುಣಿಯ ಹೆಸರದು. ನಮಗೆ ಓಬವ್ವ ಹೇಗೋ ಅವರಿಗೆ ಮಲಾಲೈ ಹಾಗೆ.

ತಾಯಿ ತೂರ್ ಪೆಕಾಯ್ ಅವರ ಕಥೆಯನ್ನು ಬರೆಯುವವರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ನನಗೆ ಅದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಆರನೇ ವಯಸ್ಸಿನಲ್ಲಿ ಅವರನ್ನು ಶಾಲೆಗೆ ಸೇರಿಸಿದ್ದರು. ಜೊತೆಗೆ ಆಡುತ್ತಿದ್ದ ಹುಡುಗಿಯರೆಲ್ಲ ಮನೆಯಲ್ಲೇ ಇದ್ದುದರಿಂದ ಶಾಲೆ ಬೇಸರವಾಯಿತು. ಪುಸ್ತಕಗಳನ್ನು ಒಂಬತ್ತು ಆಣೆಗೆ ಮಾರಿ ಮಿಠಾಯಿ ಕೊಂಡು ತಿಂದರು, ಮತ್ತೆ ಹೋಗಲಿಲ್ಲ. ಯಾರೂ ಬೈಯಲೂ ಇಲ್ಲ, ಯಾಕೆ ಹೋಗುತ್ತಿಲ್ಲ ಎಂದು ಕೇಳಲೂ ಇಲ್ಲ. ಹೆಣ್ಣುಮಗುವಿನ ಓದು ನಿಲ್ಲುವುದಕ್ಕೆ ಯಾವಾಗಲೂ ತಾಲಿಬಾನ್ ಬೇಕಾಗಿಲ್ಲ.

ತಾಲಿಬಾನ್ ಎಂದರೆ ಯಾವ ತಾಲಿಬಾನ್?

'ತಾಲಿಬ್' ಎಂದರೆ ವಿದ್ಯಾರ್ಥಿ. ಮೂಲ ಅರಬ್ಬಿ ಪದ. ಪಶ್ತೋದಲ್ಲಿ ಅದರ ಬಹುವಚನ 'ತಾಲಿಬಾನ್'. ಮದರಸಾಗಳಲ್ಲಿ ಓದುವ ಹುಡುಗರಿಗೆ ಇದ್ದ ಹೆಸರು ಸಶಸ್ತ್ರ ಗುಂಪಿನ ಹೆಸರಾಯಿತು. ಶಾಲೆ ಮುಚ್ಚಿಸಿದವರ ಹೆಸರಿನ ಅರ್ಥ ವಿದ್ಯಾರ್ಥಿಗಳು ಎಂಬುದು ವಿಚಿತ್ರ, ಆದರೆ ನಿಜ.

ಇಲ್ಲಿ ಎರಡು ಸಂಘಟನೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಕಾಬೂಲ್‌ನಲ್ಲಿ ಈಗ ಆಳುತ್ತಿರುವುದು ಅಫ್ಗನ್ ತಾಲಿಬಾನ್. ಮಲಾಲಾಗೆ ಗುಂಡು ಹೊಡೆದದ್ದು ತೆಹ್ರೀಕ್-ಎ-ತಾಲಿಬಾನ್ ಪಾಕಿಸ್ತಾನ್, ಚುಟುಕಾಗಿ ಟಿಟಿಪಿ. ಪಾಕಿಸ್ತಾನದ ಸರ್ಕಾರ ಮತ್ತು ಸೇನೆಯ ವಿರುದ್ಧ ಹೋರಾಡುತ್ತಿದ್ದ ಹಲವು ಗುಂಪುಗಳು 2007ರ ಡಿಸೆಂಬರ್‌ನಲ್ಲಿ ಒಟ್ಟುಗೂಡಿ ಕಟ್ಟಿಕೊಂಡ ಒಕ್ಕೂಟ ಅದು. ವಿಚಾರದಲ್ಲಿ ಹತ್ತಿರದವರು, ಸಂಘಟನೆ ಬೇರೆ, ಗುರಿಯೂ ಬೇರೆ.

ಸ್ವಾತ್‌ನಲ್ಲಿ ಇದರ ಮುಖ್ಯಸ್ಥ ಮೌಲಾನಾ ಫಜ್ಲುಲ್ಲಾ. ಒಂದು ಕಾಲಕ್ಕೆ ಸ್ವಾತ್ ನದಿ ದಾಟಿಸುವ ಹಗ್ಗದ ತೊಟ್ಟಿಲನ್ನು ಎಳೆಯುವ ಕೆಲಸ ಮಾಡುತ್ತಿದ್ದವನು. ಶರಿಯತ್ ಕಾನೂನಿಗಾಗಿ ಚಳವಳಿ ನಡೆಸಿದ್ದ ಸೂಫಿ ಮುಹಮ್ಮದ್ ಎಂಬ ಮೌಲ್ವಿಯ ಅಳಿಯ.

ರೇಡಿಯೊ ಮಾಡಿದ ಕೆಲಸ

ಫಜ್ಲುಲ್ಲಾ ಕಣಿವೆಯನ್ನು ಮೊದಲು ಗೆದ್ದದ್ದು ಒಂದು ಅಕ್ರಮ ಎಫ್‌ಎಂ ಕೇಂದ್ರದಿಂದ. ಜನ ಅವನಿಗೆ 'ರೇಡಿಯೊ ಮುಲ್ಲಾ' ಎಂದೇ ಹೆಸರಿಟ್ಟರು. ಓದುಬರಹ ಬಾರದವರಿಗೂ, ಮನೆಯಿಂದ ಹೊರಗೆ ಬಾರದ ಹೆಂಗಸರಿಗೂ ರೇಡಿಯೊ ತಲುಪುತ್ತದೆ. ಆರಂಭದ ಮಾತುಗಳು ಯಾರಿಗೂ ತಪ್ಪೆನಿಸುವಂಥವಲ್ಲ: ನಮಾಜು ಬಿಡಬೇಡಿ, ಕೆಟ್ಟ ಚಟ ಬಿಡಿ, ಪ್ರಾಮಾಣಿಕರಾಗಿರಿ. 2005ರ ಅಕ್ಟೋಬರ್‌ನ ಮಹಾಭೂಕಂಪ ಜನರ ನೆನಪಿನಲ್ಲಿ ಹಸಿಯಾಗಿತ್ತು. ಅದು ನಮ್ಮ ಪಾಪಕ್ಕೆ ಸಿಕ್ಕ ಶಿಕ್ಷೆ ಎಂದರೆ ನಂಬುವವರಿದ್ದರು. ಅವನ ಮಾತು ಕೇಳಿ ಹೆಂಗಸರು ಮೈಮೇಲಿನ ಚಿನ್ನ ಬಿಚ್ಚಿ ಕಾಣಿಕೆ ಕೊಟ್ಟದ್ದೂ ಉಂಟು.

ಆಮೇಲೆ ಪಟ್ಟಿ ಬೆಳೆಯಿತು. ಸಂಗೀತ ಬೇಡ, ಟಿವಿ ಬೇಡ, ಪೋಲಿಯೊ ಹನಿ ಬೇಡ, ಕ್ಷೌರದಂಗಡಿಯಲ್ಲಿ ಗಡ್ಡ ಬೋಳಿಸುವುದು ಬೇಡ, ಹೆಂಗಸರು ಮಾರುಕಟ್ಟೆಗೆ ಹೋಗುವುದು ಬೇಡ, ಹುಡುಗಿಯರಿಗೆ ಶಾಲೆ ಬೇಡ.

ಶಾಲೆಗಳ ವಿಷಯದಲ್ಲಿ ಇದು ನಡೆದ ಬಗೆ ನೋಡಬೇಕು. ಒಂದೇ ದಿನ ಯಾರೋ ಬಂದು ಬೀಗ ಜಡಿದದ್ದಲ್ಲ. ಮೊದಲು ಹೊಗಳಿಕೆ: ಇಂಥವರ ಮಗಳು ಶಾಲೆ ಬಿಟ್ಟಿದ್ದಾಳೆ, ಸ್ವರ್ಗಕ್ಕೆ ಹೋಗುತ್ತಾಳೆ ಎಂದು ರೇಡಿಯೊದಲ್ಲಿ ಹೆಸರು ಹಿಡಿದು ಅಭಿನಂದನೆ. ನೆರೆಹೊರೆಯವರೆಲ್ಲ ಕೇಳುವ ರೇಡಿಯೊದಲ್ಲಿ ಪಕ್ಕದ ಮನೆಯ ಹುಡುಗಿಯ ಹೆಸರು ಬಂದರೆ ನಮ್ಮ ಮನೆಯವಳ ಹೆಸರು ಬಂದಿಲ್ಲ ಎಂಬುದೂ ಸುದ್ದಿಯೇ. ಅನಂತರ ಬೆದರಿಕೆ. ಅನಂತರ ರಾತ್ರಿ ಹೊತ್ತು ಖಾಲಿ ಶಾಲೆಗೆ ಬಾಂಬು. ಕೊನೆಗೆ, 2008ರ ಡಿಸೆಂಬರ್ ಕೊನೆಯಲ್ಲಿ ಗಡುವು: 2009ರ ಜನವರಿ 15ರ ನಂತರ ಕಣಿವೆಯಲ್ಲಿ ಹುಡುಗಿಯರ ಶಾಲೆ ತೆರೆದಿರಕೂಡದು. ಆ ಹೊತ್ತಿಗೆ ಅನುಕೂಲವಿದ್ದವರು ಊರು ಬಿಟ್ಟಿದ್ದರು, ಉಳಿದವರು ಮಕ್ಕಳನ್ನು ಮನೆಯಲ್ಲಿ ಕೂರಿಸಿದ್ದರು. ಗಿರಾಕಿಯೇ ಬಾರದ ಅಂಗಡಿಯ ಹಾಗೆ ಶಾಲೆಗಳು ಒಳಗಿನಿಂದ ಬರಿದಾಗುತ್ತ ಬಂದಿದ್ದವು. ಗಡುವು ಬಂದದ್ದು ಅದರ ಮೇಲೆ.

ಹುಡುಗಿಯರ ಶಾಲೆಯ ಮೇಲೇ ಯಾಕೆ ಕಣ್ಣು? ಹೆಣ್ಣು ಹೊಸಿಲು ದಾಟಬಾರದು ಎಂಬ ಪರ್ದಾದ ಅತಿ ಕಟ್ಟುನಿಟ್ಟಿನ ವ್ಯಾಖ್ಯಾನ ಒಂದು ಕಾರಣ. ಹಳ್ಳಿಯಲ್ಲಿ ಸರ್ಕಾರದ ಗುರುತಾಗಿ ಕಾಣುವುದು ಹೆಚ್ಚಾಗಿ ಶಾಲೆಯ ಕಟ್ಟಡವೇ. ಅದನ್ನು ಉರುಳಿಸಿದರೆ ಇಲ್ಲಿ ಆಳುವವರು ಯಾರು ಎಂಬುದು ಎಲ್ಲರಿಗೂ ತಿಳಿಯುತ್ತದೆ. ರಾತ್ರಿ ಕಾವಲಿಲ್ಲದ ಕಟ್ಟಡ ಸುಲಭದ ಗುರಿ ಎಂಬುದು ಮೂರನೆಯದು. ಇದನ್ನು ಇಸ್ಲಾಮಿನ ಆದೇಶ ಎಂದುಕೊಂಡರೆ ತಪ್ಪು. ಶಾಲೆ ಕಟ್ಟಿಸಿದ ವಾಲಿ, ಕಲಿಸಿದ ಶಿಕ್ಷಕಿಯರು, ಮಗಳನ್ನು ಕಳುಹಿಸಿದ ತಂದೆತಾಯಿ ಎಲ್ಲರೂ ಮುಸ್ಲಿಮರೇ. ವಿದ್ಯೆ ಕಲಿಯುವುದು ಧರ್ಮವೇ ಹೇಳಿದ ಕರ್ತವ್ಯ ಎಂಬುದು ಮಲಾಲಾ ಮೊದಲಿನಿಂದ ಇಂದಿನವರೆಗೂ ಮುಂದಿಡುವ ವಾದ.

ಗುಲ್ ಮಕಾಯ್ ಯಾರು?

ಹೊರಗಿನ ಪತ್ರಕರ್ತರು ಸ್ವಾತ್‌ಗೆ ಹೋಗುವುದೇ ಕಷ್ಟವಾಗಿದ್ದ ಆ ದಿನಗಳಲ್ಲಿ ಬಿಬಿಸಿ ಉರ್ದು ಸೇವೆಗೆ ಒಂದು ಆಲೋಚನೆ ಬಂತು: ಒಬ್ಬ ಶಾಲಾ ಹುಡುಗಿ ತನ್ನ ದಿನಚರಿ ಬರೆದರೆ ಹೇಗೆ? ವರದಿಗಾರರು ಜಿಯಾವುದ್ದೀನ್ ಅವರನ್ನು ಕೇಳಿದರು. ಬೇರೊಬ್ಬ ವಿದ್ಯಾರ್ಥಿನಿ ಮೊದಲು ಒಪ್ಪಿದ್ದಳು. ಆಕೆಯ ಮನೆಯವರು ಹೆದರಿ ಬೇಡವೆಂದರು. ಹೆದರಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೊನೆಗೆ ಆ ಕೆಲಸ ಹನ್ನೊಂದು ವರ್ಷದ ಮಲಾಲಾಗೆ ಬಂತು.

ಹೆಸರು ಹೊರಬಿದ್ದರೆ ಪ್ರಾಣಾಪಾಯ. ಅದಕ್ಕೇ 'ಗುಲ್ ಮಕಾಯ್' ಎಂಬ ಅಂಕಿತ. ಅದೊಂದು ನೀಲಿ ಹೂವಿನ ಹೆಸರು, ಪಶ್ತೋ ಜನಪದ ಕಥೆಯೊಂದರ ನಾಯಕಿಯ ಹೆಸರೂ ಹೌದು. ಮೊದಲ ಬರಹ 2009ರ ಜನವರಿ 3ರದ್ದು. ಸೇನೆಯ ಹೆಲಿಕಾಪ್ಟರ್ ಮತ್ತು ತಾಲಿಬಾನ್ ಕನಸಿನಲ್ಲಿ ಬಂದವು ಎಂದು ಅದು ಶುರುವಾಗುತ್ತದೆ. ತರಗತಿಯ 27 ಹುಡುಗಿಯರಲ್ಲಿ ಅಂದು ಬಂದವರು 11 ಮಂದಿ. ಮೂವರು ಗೆಳತಿಯರು ಆಗಲೇ ಪೆಶಾವರ, ಲಾಹೋರ್, ರಾವಲ್ಪಿಂಡಿಗೆ ಹೊರಟುಹೋಗಿದ್ದರು. ಮುಂದೊಂದು ದಿನದ ಬರಹದಲ್ಲಿ ಬಣ್ಣದ ಬಟ್ಟೆಯ ವಿಷಯ. ಸಮವಸ್ತ್ರ ಬೇಡ, ಮನೆಯ ಉಡುಪಿನಲ್ಲಿ ಬನ್ನಿ ಎಂದಿದ್ದಕ್ಕೆ ತನಗಿಷ್ಟದ ಗುಲಾಬಿ ಬಣ್ಣದ್ದನ್ನು ತೊಟ್ಟಳಂತೆ. ಬಣ್ಣ ಎದ್ದು ಕಾಣುತ್ತದೆ, ತಾಲಿಬಾನ್ ಆಕ್ಷೇಪಿಸಬಹುದು ಎಂದು ಶಾಲೆಯಲ್ಲಿ ಎಚ್ಚರಿಸಿದರು. ಜನವರಿ 14ರಂದು ರಜೆ ಘೋಷಿಸಿದ ಮುಖ್ಯೋಪಾಧ್ಯಾಯಿನಿ ಶಾಲೆ ಮತ್ತೆ ತೆರೆಯುವ ದಿನಾಂಕ ಹೇಳಲಿಲ್ಲ. ಮಕ್ಕಳಿಗೆ ಅರ್ಥವಾಯಿತು. ಅಂದು ಅಂಗಳದಲ್ಲಿ ಮಾಮೂಲಿಗಿಂತ ಹೆಚ್ಚು ಹೊತ್ತು ಆಡಿದರು.

ಆ ದಿನಚರಿಯ ಬಲ ಇಂಥ ಸಣ್ಣ ಸಂಗತಿಗಳಲ್ಲಿತ್ತು. ಯುದ್ಧದ ವರದಿಗಳಲ್ಲಿ ಸತ್ತವರ ಸಂಖ್ಯೆ ಇರುತ್ತದೆ. ಗುಲಾಬಿ ಬಟ್ಟೆ ಇರುವುದಿಲ್ಲ. ಉರ್ದುವಿನಲ್ಲಿ ಬಂದದ್ದು ಇಂಗ್ಲಿಷಿಗೂ ಹೋಯಿತು. ಮಾರ್ಚ್‌ವರೆಗೆ ನಡೆಯಿತು.

ಒಪ್ಪಂದ, ಗುಳೆ, ವಾಪಸು

2009ರ ಫೆಬ್ರುವರಿಯಲ್ಲಿ ಪ್ರಾಂತ್ಯ ಸರ್ಕಾರ ಸೂಫಿ ಮುಹಮ್ಮದ್ ಜೊತೆ ಒಪ್ಪಂದ ಮಾಡಿಕೊಂಡಿತು: ಶರಿಯತ್ ನ್ಯಾಯಾಲಯ ಕೊಡುತ್ತೇವೆ, ಬಂದೂಕು ಕೆಳಗಿಡಿ. ಸಣ್ಣ ಹುಡುಗಿಯರಿಗೆ ನಾಲ್ಕನೇ ತರಗತಿಯವರೆಗೆ ಶಾಲೆಗೆ ಅನುಮತಿ ಸಿಕ್ಕಿತು. ಮಲಾಲಾ ಐದರಲ್ಲಿದ್ದಳು. ಆಕೆಯೂ ಕೆಲವು ಗೆಳತಿಯರೂ ವಯಸ್ಸು ಕಡಿಮೆ ಹೇಳಿ, ಸಾದಾ ಬಟ್ಟೆ ತೊಟ್ಟು, ಪುಸ್ತಕಗಳನ್ನು ಶಾಲಿನೊಳಗೆ ಅವಿತಿಟ್ಟುಕೊಂಡು ಹೋಗುತ್ತಿದ್ದರು. ಆದರೆ ಬಂದೂಕು ಕೆಳಗಿಳಿಯಲಿಲ್ಲ. ಏಪ್ರಿಲ್‌ನಲ್ಲಿ ತಾಲಿಬಾನ್, ದೇಶದ ರಾಜಧಾನಿ ಇಸ್ಲಾಮಾಬಾದ್‌ಗೆ ಇನ್ನಷ್ಟು ಹತ್ತಿರದ ಬುನೇರ್ ಜಿಲ್ಲೆಗೂ ನುಗ್ಗಿತು. ಮೇ ತಿಂಗಳಲ್ಲಿ ಸೇನೆ ದೊಡ್ಡ ಕಾರ್ಯಾಚರಣೆಗಿಳಿಯಿತು. ಸ್ವಾತ್ ಮತ್ತು ಸುತ್ತಲಿನ ಸುಮಾರು 20 ಲಕ್ಷ ಜನ ಮನೆ ಬಿಟ್ಟು ಗುಳೆ ಹೊರಟರು. ಮಲಾಲಾ ತಾಯಿ ಮತ್ತು ತಮ್ಮಂದಿರೊಡನೆ ಶಾಂಗ್ಲಾದ ನೆಂಟರ ಮನೆ ಸೇರಿದಳು. ಜುಲೈನಲ್ಲಿ ಎಲ್ಲರೂ ಮಿಂಗೋರಾಕ್ಕೆ ಮರಳಿದರು, ಶಾಲೆ ತೆರೆಯಿತು. ಫಜ್ಲುಲ್ಲಾ ತಪ್ಪಿಸಿಕೊಂಡು ಗಡಿ ದಾಟಿ ಅಫ್ಗಾನಿಸ್ತಾನ ಸೇರಿದ.

ಮುಂದಿನ ಮೂರು ವರ್ಷ ಆಕೆ ಬಹಿರಂಗವಾಗಿಯೇ ಮಾತಾಡಿದಳು. ಗುಲ್ ಮಕಾಯ್ ಯಾರೆಂಬುದು 2009ರಲ್ಲೇ ಬಯಲಾಯಿತು. 2011ರಲ್ಲಿ ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಮಕ್ಕಳ ಅಂತರರಾಷ್ಟ್ರೀಯ ಶಾಂತಿ ಪ್ರಶಸ್ತಿಗೆ ಹೆಸರು ಸೂಚಿಸಿದರು. ಆ ವರ್ಷದ ಕೊನೆಗೆ ಪಾಕಿಸ್ತಾನವೇ ಮೊದಲ ರಾಷ್ಟ್ರೀಯ ಯುವ ಶಾಂತಿ ಪ್ರಶಸ್ತಿ ಕೊಟ್ಟಿತು. ಹೆಸರು ದೊಡ್ಡದಾದಷ್ಟೂ ಅಪಾಯವೂ ದೊಡ್ಡದಾಯಿತು. ಮನೆಯವರು ಹೆದರಿದ್ದು ತಂದೆಗಾಗಿ. ಮಗುವಿನ ಮೇಲೆ ಕೈಮಾಡಲಾರರು ಎಂಬ ನಂಬಿಕೆ.

2012ರ ಅಕ್ಟೋಬರ್ 9

ಅಂದು ಮಂಗಳವಾರ. ಪರೀಕ್ಷೆಯ ಕಾಲ. ನಡೆದು ಹೋಗುವಷ್ಟೇ ದೂರವಿದ್ದರೂ ತಾಯಿಯ ಭಯಕ್ಕೆ ಮಣಿದು ಮಲಾಲಾ ಶಾಲೆಯ ವ್ಯಾನಿನಲ್ಲಿ ಓಡಾಡತೊಡಗಿದ್ದಳು. ಒಳಗೆ ಉದ್ದನೆಯ ಬೆಂಚು, ಪಕ್ಕಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಗಾಡಿ. ದಾರಿಯಲ್ಲಿ ಇಬ್ಬರು ಯುವಕರು ತಡೆದರು. ಒಬ್ಬ ಚಾಲಕನನ್ನು ಮಾತಿಗೆಳೆದ. ಇನ್ನೊಬ್ಬ ಹಿಂಬದಿಗೆ ಬಂದು ಒಳಗೆ ಇಣುಕಿ 'ಮಲಾಲಾ ಯಾರು?' ಎಂದ. ಯಾರೂ ಬಾಯಿ ಬಿಡಲಿಲ್ಲ. ಆದರೆ ಕೆಲವರ ಕಣ್ಣು ತಾನಾಗಿ ಆಕೆಯತ್ತ ಹೊರಳಿತು. ಮುಖ ಮುಚ್ಚಿಕೊಳ್ಳದೆ ಕುಳಿತಿದ್ದವಳೂ ಆಕೆಯೊಬ್ಬಳೇ. ಮೂರು ಗುಂಡು ಹಾರಿದವು. ಪಕ್ಕದ ಇಬ್ಬರು ಗೆಳತಿಯರಿಗೂ ತಗುಲಿದವು. ಅವರಿಬ್ಬರೂ ಬದುಕಿದರು, ಮುಂದೆ ಬ್ರಿಟನ್‌ನಲ್ಲಿ ಓದಿದರು.

ಅದೇ ಹೊತ್ತಿಗೆ ತಾಯಿ ತೂರ್ ಪೆಕಾಯ್ ಮಗಳ ಶಾಲೆಯಲ್ಲಿ ಒಬ್ಬ ಶಿಕ್ಷಕಿಯಿಂದ ಅಕ್ಷರದ ಮೊದಲ ಪಾಠ ಹೇಳಿಸಿಕೊಳ್ಳಲು ಸಿದ್ಧರಾಗುತ್ತಿದ್ದರು. ಪಾಠ ಅಂದು ನಡೆಯಲಿಲ್ಲ.

ಟಿಟಿಪಿ ವಕ್ತಾರ ಹೊಣೆ ಹೊತ್ತುಕೊಂಡ. ಬದುಕಿದರೆ ಮತ್ತೆ ಹೊಡೆಯುತ್ತೇವೆ ಎಂದೂ ಹೇಳಿದ. ಪ್ರಕರಣದಲ್ಲಿ ಹತ್ತು ಮಂದಿಗೆ 25 ವರ್ಷ ಶಿಕ್ಷೆಯಾಯಿತೆಂದು 2015ರ ಏಪ್ರಿಲ್‌ನಲ್ಲಿ ಸುದ್ದಿ ಬಂತು. ಎಂಟು ಮಂದಿ ಖುಲಾಸೆಯಾಗಿ ಶಿಕ್ಷೆ ಆದದ್ದು ಇಬ್ಬರಿಗೆ ಮಾತ್ರ ಎಂಬುದು ಜೂನ್‌ನಲ್ಲಿ ಬಯಲಾಯಿತು. ಮುಂದೆ ಟಿಟಿಪಿಯ ಮುಖ್ಯಸ್ಥನೇ ಆದ ಫಜ್ಲುಲ್ಲಾ 2018ರಲ್ಲಿ ಅಫ್ಗಾನಿಸ್ತಾನದಲ್ಲಿ ಡ್ರೋನ್ ದಾಳಿಗೆ ಸತ್ತ.

ತಲೆಗೆ ಗುಂಡು ತಗುಲಿ ಬದುಕಿದ್ದು ಹೇಗೆ?

ಗುಂಡು ಎಡಗಣ್ಣಿನ ಪಕ್ಕದಲ್ಲಿ ಹೊಕ್ಕು, ಮಿದುಳಿನೊಳಗೆ ಇಳಿಯದೆ ಚರ್ಮದಡಿಯಲ್ಲೇ ಸಾಗಿ ಭುಜದ ಬಳಿ ನಿಂತಿತು. ಆದರೆ ಆ ಪೆಟ್ಟಿಗೆ ಮೂಳೆ ಚೂರಾಗಿ ಮಿದುಳು ಬಾತುಕೊಳ್ಳತೊಡಗಿತು. ತಲೆಬುರುಡೆ ಮುಚ್ಚಿದ ಡಬ್ಬಿಯಂತೆ. ಒಳಗೆ ಬಾವು ಬಂದರೆ ಹಿಗ್ಗಲು ಜಾಗವಿಲ್ಲ. ಪೆಶಾವರದ ಸೇನಾ ಆಸ್ಪತ್ರೆಯ ಶಸ್ತ್ರವೈದ್ಯರು ಬುರುಡೆಯ ಒಂದು ತುಂಡನ್ನೇ ತೆಗೆದರು. ಕುಕ್ಕರಿನ ತೂಕ ಎತ್ತಿ ಹಬೆ ಬಿಟ್ಟಂತೆ ಒತ್ತಡ ಇಳಿಯಿತು. ತೆಗೆದ ತುಂಡು ಕೆಡದಂತೆ ಆಕೆಯ ಹೊಟ್ಟೆಯ ಚರ್ಮದಡಿಯಲ್ಲೇ ಇಟ್ಟರು. ಕೇಳಲು ವಿಚಿತ್ರವೆನಿಸಿದರೂ ಅದು ವೈದ್ಯರು ಬಳಸುವ ಕ್ರಮವೇ.

ಬೇರೆ ಕೆಲಸಕ್ಕೆಂದು ಪಾಕಿಸ್ತಾನಕ್ಕೆ ಬಂದಿದ್ದ ಬ್ರಿಟನ್‌ನ ಇಬ್ಬರು ವೈದ್ಯರು ಪರೀಕ್ಷಿಸಿ ಆರೈಕೆಗೆ ನೆರವಾದರು. ರಾವಲ್ಪಿಂಡಿಯಿಂದ ಅಕ್ಟೋಬರ್ 15ರಂದು ಬರ್ಮಿಂಗ್‌ಹ್ಯಾಮ್‌ನ ಕ್ವೀನ್ ಎಲಿಜಬೆತ್ ಆಸ್ಪತ್ರೆಗೆ ಒಯ್ದರು. ಮಾರನೆಯ ದಿನ ಪ್ರಜ್ಞೆ ಬಂತು. ಮುಖದ ಒಂದು ಬದಿಯ ನರ ತುಂಡಾಗಿದ್ದರಿಂದ ನಗು ಓರೆಯಾಗಿತ್ತು. ನವೆಂಬರ್‌ನಲ್ಲಿ ಅದನ್ನು ಜೋಡಿಸಿದರು. 2013ರ ಫೆಬ್ರುವರಿಯಲ್ಲಿ ಬುರುಡೆಗೆ ಟೈಟೇನಿಯಂ ತಗಡು ಕೂರಿಸಿ, ಕೇಳಿಸದಾಗಿದ್ದ ಎಡಗಿವಿಗೆ ಕಾಕ್ಲಿಯರ್ ಸಾಧನ ಅಳವಡಿಸಿದರು. ಶ್ರವಣಯಂತ್ರ ಸದ್ದನ್ನು ದೊಡ್ಡದು ಮಾಡುತ್ತದೆ. ಇದು ಸದ್ದನ್ನು ವಿದ್ಯುತ್ ಸಂಕೇತವಾಗಿಸಿ ಕಿವಿಯ ನರಕ್ಕೇ ದಾಟಿಸುತ್ತದೆ. ಮಾರ್ಚ್‌ನಲ್ಲಿ ಆಕೆ ಬರ್ಮಿಂಗ್‌ಹ್ಯಾಮ್‌ನ ಶಾಲೆಗೆ ಸೇರಿದಳು.

ಹದಿನೇಳಕ್ಕೆ ನೊಬೆಲ್

2013ರ ಜುಲೈ 12, ಹದಿನಾರನೇ ಹುಟ್ಟುಹಬ್ಬದಂದು, ಬೆನಜೀರ್ ಭುಟ್ಟೊ ಅವರ ಶಾಲು ಹೊದ್ದು ವಿಶ್ವಸಂಸ್ಥೆಯಲ್ಲಿ ಮಾತಾಡಿದಳು. ಒಂದು ಮಗು, ಒಬ್ಬ ಶಿಕ್ಷಕ, ಒಂದು ಪುಸ್ತಕ, ಒಂದು ಲೇಖನಿ ಜಗತ್ತನ್ನು ಬದಲಿಸಬಲ್ಲವು ಎಂಬ, ನಮ್ಮ ಶಾಲೆಗಳ ಗೋಡೆಗಳಲ್ಲೂ ಕಾಣಸಿಗುವ ಮಾತು ಆ ಭಾಷಣದ್ದು.

2014ರ ಅಕ್ಟೋಬರ್ 10ರಂದು ಶಾಂತಿ ನೊಬೆಲ್ ಘೋಷಣೆಯಾದಾಗ ಆಕೆ ರಸಾಯನಶಾಸ್ತ್ರದ ತರಗತಿಯಲ್ಲಿದ್ದಳು. ಪ್ರಶಸ್ತಿಯನ್ನು ಭಾರತದ ಕೈಲಾಶ್ ಸತ್ಯಾರ್ಥಿ ಅವರೊಂದಿಗೆ ಹಂಚಿಕೊಂಡಳು. ಸತ್ಯಾರ್ಥಿ ಅವರದ್ದು ಬಾಲಕಾರ್ಮಿಕರನ್ನು ಬಿಡಿಸುವ ಕೆಲಸ. ಎರಡೂ ಸೇರುವ ಜಾಗ ಒಂದೇ: ದುಡಿಮೆಯಲ್ಲಿರುವ ಮಗು ಶಾಲೆಯಲ್ಲಿರುವುದಿಲ್ಲ. ಗಡಿಯಲ್ಲಿ ಗುಂಡಿನ ಚಕಮಕಿ ನಡೆಯುತ್ತಿದ್ದ ದಿನಗಳಲ್ಲಿ ಒಬ್ಬ ಭಾರತೀಯ, ಒಬ್ಬ ಪಾಕಿಸ್ತಾನಿ ಒಟ್ಟಿಗೆ ಪ್ರಶಸ್ತಿ ಪಡೆದರು. ಹದಿನೇಳು ವರ್ಷದ ಮಲಾಲಾ ಅತಿ ಕಿರಿಯ ನೊಬೆಲ್ ಪುರಸ್ಕೃತೆ. ಅದಕ್ಕೂ ಮೊದಲು ಈ ದಾಖಲೆ 1915ರಲ್ಲಿ 25ನೇ ವಯಸ್ಸಿಗೆ ಭೌತಶಾಸ್ತ್ರದ ಪ್ರಶಸ್ತಿ ಪಡೆದ ಲಾರೆನ್ಸ್ ಬ್ರ್ಯಾಗ್ ಹೆಸರಿನಲ್ಲಿತ್ತು. ಓಸ್ಲೊದಲ್ಲಿ ಪ್ರಶಸ್ತಿ ಸ್ವೀಕರಿಸಿದ್ದು ಡಿಸೆಂಬರ್ 10ರಂದು. ಆರೇ ದಿನಗಳ ನಂತರ ಪೆಶಾವರದ ಸೇನಾ ಶಾಲೆಯೊಂದಕ್ಕೆ ನುಗ್ಗಿದ ಟಿಟಿಪಿ ಬಂದೂಕುಧಾರಿಗಳು 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದರು.

ಸ್ವಂತ ದೇಶದಲ್ಲೇ ಅನುಮಾನ ಯಾಕೆ?

ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ಪಾಕಿಸ್ತಾನದಲ್ಲಿ ಆಕೆಯನ್ನು ಹೆಮ್ಮೆಯಿಂದ ನೋಡುವವರಂತೆ, ಪಶ್ಚಿಮ ದೇಶಗಳ ಕೈಗೊಂಬೆ ಎನ್ನುವವರೂ ಬಹಳ. 2014ರ ನವೆಂಬರ್‌ನಲ್ಲಿ ಅಲ್ಲಿನ ಖಾಸಗಿ ಶಾಲೆಗಳ ಒಕ್ಕೂಟವೊಂದು 'ನಾನು ಮಲಾಲಾ ಅಲ್ಲ' ದಿನವನ್ನೇ ಆಚರಿಸಿತು.

ಈ ಅನುಮಾನಕ್ಕೆ ಹಿನ್ನೆಲೆಯಿದೆ. ಅಮೆರಿಕದ ಡ್ರೋನ್ ದಾಳಿಗಳಲ್ಲಿ ಅದೇ ಪಶ್ತೂನ್ ಪ್ರದೇಶದ ಸಾಮಾನ್ಯರೂ ಸಾಯುತ್ತಿದ್ದರು. ಅವರ ಮಕ್ಕಳ ಬಗ್ಗೆ ಜಗತ್ತಿಗೆ ಯಾಕೆ ಮರುಕವಿಲ್ಲ ಎಂಬುದು ಅಲ್ಲಿನವರ ಪ್ರಶ್ನೆ. ಒಸಾಮಾ ಬಿನ್ ಲಾಡೆನ್ ಸುಳಿವಿಗಾಗಿ ಸಿಐಎ 2011ರಲ್ಲಿ ಅಬೊಟಾಬಾದ್‌ನಲ್ಲಿ ಲಸಿಕೆ ಹಾಕುವ ನೆಪ ಹೂಡಿದ್ದು ಬಯಲಾದ ಮೇಲಂತೂ ಹೊರಗಿನ ಯಾವ ಒಳ್ಳೆಯ ಕೆಲಸದ ಹಿಂದೆಯೂ ಒಳಸಂಚು ಕಾಣುವುದು ಸುಲಭವಾಯಿತು. 2013ರಲ್ಲಿ ಅಧ್ಯಕ್ಷ ಒಬಾಮಾ ಅವರನ್ನು ಭೇಟಿಯಾದ ಮಲಾಲಾ ಡ್ರೋನ್ ದಾಳಿ ಭಯೋತ್ಪಾದನೆಯನ್ನು ಹೆಚ್ಚಿಸುತ್ತದೆ ಎಂದು ಮುಖಕ್ಕೇ ಹೇಳಿದ್ದಳು. ಟೀಕಿಸುವವರ ಬಾಯಲ್ಲಿ ಇದು ಬರುವುದು ಅಪರೂಪ.

ಕರ್ನಾಟಕದಲ್ಲೂ ಈ ಹೆಸರು ಒಮ್ಮೆ ಚರ್ಚೆಯಾಗಿತ್ತು. 2022ರ ಫೆಬ್ರುವರಿಯಲ್ಲಿ ನಮ್ಮ ಕಾಲೇಜುಗಳ ಹಿಜಾಬ್ ವಿವಾದದ ಬಗ್ಗೆ ಮಲಾಲಾ ಟ್ವೀಟ್ ಮಾಡಿ, ಹಿಜಾಬ್ ಧರಿಸಿದರೆಂದು ಹುಡುಗಿಯರನ್ನು ತರಗತಿಯಿಂದ ಹೊರಗಿಡುವುದನ್ನು ಖಂಡಿಸಿದರು. ಕೆಲವರು ಮೆಚ್ಚಿದರು, ಕೆಲವರು ನಮ್ಮ ವಿಷಯದಲ್ಲಿ ಮೂಗು ತೂರಿಸಬೇಡಿ ಎಂದರು. ಏನು ತೊಡಬೇಕು, ಏನು ತೊಡಬಾರದು ಎಂದು ಹೆಣ್ಣುಮಕ್ಕಳಿಗೆ ಹೇಳುವ ಎರಡೂ ಬಗೆಯ ಕಟ್ಟಳೆಗಳನ್ನು ಅವರು ಪ್ರಶ್ನಿಸಿದ್ದಾರೆ ಎಂಬುದನ್ನು ದಾಖಲಿಸಿ ಮುಂದೆ ಹೋಗೋಣ.

ಈಗ ಏನು ಮಾಡುತ್ತಿದ್ದಾರೆ?

ಆಕ್ಸ್‌ಫರ್ಡ್‌ನಲ್ಲಿ ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಓದಿ 2020ರಲ್ಲಿ ಪದವಿ ಮುಗಿಸಿದರು. 2021ರ ನವೆಂಬರ್‌ನಲ್ಲಿ ಕ್ರಿಕೆಟ್ ಆಡಳಿತದಲ್ಲಿ ಕೆಲಸ ಮಾಡುತ್ತಿದ್ದ ಅಸರ್ ಮಲಿಕ್ ಅವರನ್ನು ಮದುವೆಯಾದರು. 2013ರಲ್ಲಿ ಶುರುವಾದ ಮಲಾಲಾ ಫಂಡ್ ಪಾಕಿಸ್ತಾನ, ನೈಜೀರಿಯ ಮುಂತಾದ ದೇಶಗಳಲ್ಲಿ ಹುಡುಗಿಯರ ಪ್ರೌಢಶಿಕ್ಷಣಕ್ಕಾಗಿ ದುಡಿಯುವ ಸ್ಥಳೀಯ ಸಂಘಸಂಸ್ಥೆಗಳಿಗೆ ಹಣ ಕೊಡುತ್ತದೆ. ಪ್ರೌಢಶಿಕ್ಷಣಕ್ಕೇ ಒತ್ತು ಯಾಕೆಂದರೆ ಹುಡುಗಿಯರು ಕಳಚಿಕೊಳ್ಳುವ ಹಂತ ಅದು. ಪ್ರಾಥಮಿಕ ಶಾಲೆ ಊರಲ್ಲಿರುತ್ತದೆ. ಪ್ರೌಢಶಾಲೆಗೆ ಮೈಲಿಗಟ್ಟಲೆ ನಡೆಯಬೇಕು, ಶೌಚಾಲಯವಿಲ್ಲ, ಶಿಕ್ಷಕಿಯರಿಲ್ಲ, ಅಷ್ಟರಲ್ಲಿ ಮನೆಯಲ್ಲಿ ಮದುವೆಯ ಮಾತು ಶುರುವಾಗಿರುತ್ತದೆ.

ಅಫ್ಗಾನಿಸ್ತಾನದಲ್ಲಿ ಇದೇ ಹಂತಕ್ಕೆ ಕತ್ತರಿ ಬಿದ್ದಿರುವುದು. 2022ರ ಮಾರ್ಚ್ 23ರಂದು ಪ್ರೌಢಶಾಲೆ ತೆರೆಯುತ್ತದೆಂದು ಸಮವಸ್ತ್ರ ತೊಟ್ಟು ಬಂದ ಹುಡುಗಿಯರನ್ನು ಅದೇ ಬೆಳಿಗ್ಗೆ ಮನೆಗೆ ಕಳುಹಿಸಿದರು. ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳೂ ಮುಚ್ಚಿದವು. ಕನಿಷ್ಠ 14 ಲಕ್ಷ ಹುಡುಗಿಯರು ಹೀಗೆ ಹೊರಗುಳಿದಿದ್ದಾರೆ ಎಂಬುದು 2024ರ ಯುನೆಸ್ಕೊ ಲೆಕ್ಕ. ದಕ್ಷಿಣ ಆಫ್ರಿಕಾದಲ್ಲಿ ಚರ್ಮದ ಬಣ್ಣ ನೋಡಿ ಜನರನ್ನು ಬೇರ್ಪಡಿಸಿದಂತೆ ಇಲ್ಲಿ ಹೆಣ್ಣೆಂಬ ಕಾರಣಕ್ಕೆ ಬೇರ್ಪಡಿಸುತ್ತಿದ್ದಾರೆ, ಇದನ್ನು 'ಲಿಂಗ ವರ್ಣಭೇದ' ಎಂದು ಅಂತರರಾಷ್ಟ್ರೀಯ ಕಾನೂನಿನಲ್ಲೇ ಅಪರಾಧವಾಗಿಸಬೇಕು ಎಂಬುದು ಮಲಾಲಾ ಈಗ ಮುಂದಿಡುತ್ತಿರುವ ಬೇಡಿಕೆ. 2025ರ ಜನವರಿಯಲ್ಲಿ ಇಸ್ಲಾಮಾಬಾದ್‌ನಲ್ಲಿ ಮುಸ್ಲಿಂ ದೇಶಗಳ ಪ್ರತಿನಿಧಿಗಳ ಮುಂದೆ ಅಫ್ಗನ್ ತಾಲಿಬಾನನ್ನು ಮಾನ್ಯ ಮಾಡಬೇಡಿ ಎಂದರು. ಅದೇ ಪಾಕಿಸ್ತಾನದಲ್ಲಿ ಶಾಲೆಯ ಹೊರಗಿರುವ ಮಕ್ಕಳು ಎರಡೂವರೆ ಕೋಟಿಗೂ ಹೆಚ್ಚು ಎಂಬುದು ಅಲ್ಲಿನ ಸರ್ಕಾರವೇ ಒಪ್ಪುವ ಸಂಗತಿ.

ನೊಬೆಲ್ ಹಣದಲ್ಲಿ ಶಾಂಗ್ಲಾದಲ್ಲಿ ಒಂದು ಹೆಣ್ಣುಮಕ್ಕಳ ಶಾಲೆ ಎದ್ದಿತು. 2018ರಲ್ಲಿ ಬಾಗಿಲು ತೆರೆಯಿತು. ಆ ವರ್ಷ ಮಲಾಲಾ ಗುಂಡೇಟಿನ ನಂತರ ಮೊದಲ ಸಲ ಪಾಕಿಸ್ತಾನಕ್ಕೆ ಬಂದು ಮಿಂಗೋರಾದ ಮನೆಯನ್ನು ಕೆಲವು ಗಂಟೆ ನೋಡಿದರೂ ಶಾಂಗ್ಲಾಕ್ಕೆ ಹೋಗಲಾಗಲಿಲ್ಲ. ಅಲ್ಲಿಗೆ ಕಾಲಿಟ್ಟದ್ದು 2025ರ ಮಾರ್ಚ್‌ನಲ್ಲಿ, ಹದಿಮೂರು ವರ್ಷಗಳ ಮೇಲೆ, ಬಿಗಿ ಭದ್ರತೆಯಲ್ಲಿ. ನೆಂಟರನ್ನು ಕಂಡರು, ಶಾಲೆಯನ್ನು ನೋಡಿದರು. ಅಲ್ಲಿ ಆಗ ಸುಮಾರು ಸಾವಿರ ಹುಡುಗಿಯರು ಶುಲ್ಕವಿಲ್ಲದೆ ಓದುತ್ತಿದ್ದರು. ಐವರು ಸೋದರತ್ತೆಯರು ಶಾಲೆಯ ಮುಖ ನೋಡದೆ ಬೆಳೆದ, ತಾಯಿ ಒಂಬತ್ತು ಆಣೆಗೆ ಪುಸ್ತಕ ಮಾರಿದ ಜಿಲ್ಲೆ ಅದೇ.